ನಡುಮನೆ ಶಾಲೆ ಮುಚ್ಚಿದ ಮೇಲೆ

ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಸೀರೆ ಬದಲಿಸಿ, ತಲೆ ಬಾಚಿ, ಸೆರಗಿಗೆ ಪಿನ್ನು ಚುಚ್ಚಿಕೊಂಡು ನಡುಮನೆಗೆ ಬಂದು ನಿಲ್ಲುವ ಅಭ್ಯಾಸವೊಂದು ನನಗಿದೆ. ಬಂದು ನಿಂತ ಮೇಲೆ ನೆನಪಾಗುತ್ತದೆ, ಇಲ್ಲಿ ಈಗ ನನಗೇನೂ ಕೆಲಸವಿಲ್ಲ. ಊರಿನ ಹೆಂಗಸರು ಹೊರಗೆ ಹೊರಡುವಾಗ ಒಳ್ಳೆಯ ಸೀರೆ ಉಡುತ್ತಾರೆ. ನಾನು ಐದು ವರ್ಷ ಅಡುಗೆಮನೆಯಿಂದ ನಡುಮನೆಗೆ ಬರುವುದಕ್ಕೆ ಉಟ್ಟೆ. ಅಂಗಡಿಗೆ ಹೊರಟ ನಮ್ಮ ಯಜಮಾನರು ಚಪ್ಪಲಿ ಮೆಟ್ಟುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟೀಚರ್ರಿಗೆ ಇವತ್ತೂ ಡ್ಯೂಟಿ ಐತಾ?" ಎನ್ನುತ್ತಾರೆ. ಶಿಕಾರಿಪುರದ ಪೇಟೆಯಲ್ಲಿ ಬೀಜ ಗೊಬ್ಬರ ಮಾರುವ ಮನುಷ್ಯ. ದಿನವಿಡೀ ರೈತರ ಜೊತೆ ಮಾತಾಡಿ ಮಾತಾಡಿ ನಾಲಗೆ ಚುರುಕಾಗಿದೆ.

ನಿವೃತ್ತರಾದ ಮೇಷ್ಟ್ರುಗಳಿಗೆ ಹಾರ ಹಾಕಿ, ಶಾಲು ಹೊದೆಸಿ, ಗೋಡೆ ಗಡಿಯಾರ ಕೊಟ್ಟು ಕಳಿಸುತ್ತಾರೆ. ನನಗೆ ಅದೇನೂ ಆಗಲಿಲ್ಲ. ನನ್ನ ಶಾಲೆಯಲ್ಲಿದ್ದದ್ದು ಒಬ್ಬಳೇ ವಿದ್ಯಾರ್ಥಿನಿ, ನನ್ನ ಮಗಳು ರೂಪಾ. ಅವಳು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಜುಲೈನಲ್ಲಿ ಅವಳು ಕಾಲೇಜಿನ ಮೆಟ್ಟಿಲು ಹತ್ತಿದ ದಿನ ನಡುಮನೆ ಶಾಲೆ ಮುಚ್ಚಿತು, ಟೀಚರು ಮನೆಗೆ ಹೋದರು. ಮನೆ ಪಕ್ಕದ ಕೋಣೆಯಲ್ಲೇ ಇದ್ದದ್ದರಿಂದ ಹೆಚ್ಚು ನಡೆಯಬೇಕಾಗಲಿಲ್ಲ.

ನಾನು ಟೀಚರಾದದ್ದು ಇಷ್ಟಪಟ್ಟಲ್ಲ. ರೂಪಾ ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅವಳಿಗೆ ಕೀಲುಗಳು ಬಾತುಕೊಳ್ಳುವ ಜ್ವರ ಬಂತು. ಹೃದಯಕ್ಕೆ ತಾಗುವ ಜಾತಿಯದು, ಎರಡು ವರ್ಷ ಓಡಬಾರದು, ಹತ್ತಬಾರದು, ಆಯಾಸ ಮಾಡಿಕೊಳ್ಳಬಾರದು ಎಂದರು ಶಿವಮೊಗ್ಗದ ಡಾಕ್ಟರು. ಶಾಲೆ ಬಿಡಿಸಿದೆವು. ಪಾಠ ಹೇಳಲು ಯಾರನ್ನು ಕರೆಯುವುದು? ನಾನು ಓದಿದ್ದು ಏಳನೇ ಕ್ಲಾಸು. ನಮ್ಮಪ್ಪ ನನ್ನ ಅಕ್ಕನನ್ನು ಟ್ರೇನಿಂಗ್ ಮುಗಿಸುವವರೆಗೆ ಓದಿಸಿದರು, ನನ್ನ ಸರದಿ ಬರುವಷ್ಟರಲ್ಲಿ ಅವರಿಗೆ ಸುಸ್ತಾಗಿತ್ತು. ಆರನೇ ಕ್ಲಾಸಿನ ಪಾಠ ತಾನೇ, ನಾನೇ ಹೇಳುತ್ತೇನೆ ಅಂದೆ.

ಶಾಲೆ ಎಂದ ಮೇಲೆ ಕಟ್ಟುನಿಟ್ಟು ಬೇಡವೇ? ಹತ್ತರಿಂದ ಒಂದರವರೆಗೆ ನಾನು ಟೀಚರು, ಒಂದರ ನಂತರ ಅಮ್ಮ ಎಂದು ಒಪ್ಪಂದವಾಯಿತು. ದಿನಾ ಹಾಜರಿ ಕೂಗುತ್ತಿದ್ದೆ. ಇರುವವಳು ಒಬ್ಬಳೇ, ಎದುರಿಗೇ ಕೂತಿದ್ದಾಳೆ, ಆದರೂ ಕೂಗುತ್ತಿದ್ದೆ. ಅವಳು ಅಮ್ಮನಿಗಿಂತ ಜಾಣೆ. ಒಂದು ಗಂಟೆ ಹೊಡೆದದ್ದೇ ತಡ ಅಡುಗೆಮನೆಗೆ ಬಂದು, "ಅಮ್ಮ, ನಮ್ ಟೀಚರ್ ಇವತ್ತು ಸುಮ್‌ಸುಮ್ನೆ ಬೈದ್ರು" ಎಂದು ನನ್ನ ಮೇಲೆ ನನಗೇ ಚಾಡಿ ಹೇಳುತ್ತಿದ್ದಳು. ನಾನು ಅನ್ನ ಬಡಿಸುತ್ತಾ, "ಹೌದಾ? ಅವ್ರಿಗೆ ಏನೋ ಬೇಜಾರಿರ್ಬೇಕು ಬಿಡು" ಎಂದು ಸಮಾಧಾನ ಮಾಡುತ್ತಿದ್ದೆ. ಆ ಟೀಚರ ಬಗ್ಗೆ ಆಗಾಗ ನನಗೂ ಸಿಟ್ಟು ಬರುತ್ತಿತ್ತು.

ಈಗ ನಿಮಗೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಬಡಾಯಿಯಾಗುತ್ತದೆ. ಎರಡು ವರ್ಷ ತುಂಬಿದಾಗ ರೂಪಾಳನ್ನು ಮತ್ತೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಯಜಮಾನರಿಗೆ ಬಿತ್ತನೆ ಕಾಲದ ಗಡಿಬಿಡಿ, ಹಾಗಾಗಿ ಜೊತೆಗೆ ಬಂದದ್ದು ನಮ್ಮ ಗಿರಿಜಕ್ಕ. ಸೊರಬದಲ್ಲಿ ಪ್ರೈಮರಿ ಸ್ಕೂಲ್ ಟೀಚರು, ನಿಜವಾದ ಟೀಚರು. ಡಾಕ್ಟರು ಪರೀಕ್ಷೆ ಮಾಡಿ, ಮಗುವನ್ನು ಹೊರಗೆ ಕಳಿಸಿ, "ಇನ್ನೇನೂ ತೊಂದರೆ ಇಲ್ಲ. ಇಂಜೆಕ್ಷನ್ ತಪ್ಪಿಸ್ಬೇಡಿ. ಜೂನ್‌ನಿಂದ ಆರಾಮಾಗಿ ಶಾಲೆಗೆ ಕಳಿಸಿ" ಎಂದರು. ಸಂಜೆ ಮನೆಗೆ ಬಂದು ನಾನು ಯಜಮಾನರಿಗೆ ಹೇಳಿದ್ದು, "ಇನ್ನೂ ಒಂದಷ್ಟು ದಿನ ಮನೇಲೇ ಇರ್ಲಿ ಅಂದ್ರುರೀ."

ಯಾಕೆ ಹಾಗೆಂದೆ ಎಂದು ಕೇಳಬೇಡಿ. ಮಗಳ ಜೀವದ ಹೆದರಿಕೆ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಎಂಟನೇ ಕ್ಲಾಸಿನ ಪುಸ್ತಕಗಳನ್ನು ಆಗಲೇ ತಂದು ರಟ್ಟು ಹಾಕಿಟ್ಟಿದ್ದೆ ಎನ್ನುವುದೂ ನಿಜ. ಆ ಒಂದಷ್ಟು ದಿನ ಮೂರು ವರ್ಷವಾಯಿತು. ಗಿರಿಜಕ್ಕ ಪಕ್ಕದಲ್ಲೇ ಕೂತು ನನ್ನ ಸುಳ್ಳು ಕೇಳಿಸಿಕೊಂಡಳು, ಬಾಯಿ ಬಿಡಲಿಲ್ಲ. ಮರುದಿನ ಕಾಫಿ ಕೂಡ ಕುಡಿಯದೆ ಮೊದಲನೇ ಬಸ್ಸು ಹಿಡಿದಳು. ಹೊಸ್ತಿಲಲ್ಲಿ ನಿಂತು ನನಗೊಬ್ಬಳಿಗೇ ಕೇಳುವ ಹಾಗೆ, "ಮಗೂದು ಶಾಲೆ ಕದ್ಯಲ್ಲೇ ಮಾರಾಯ್ತಿ" ಎಂದಳು. ಆಮೇಲೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ನಾನೂ ಸೊರಬದ ಕಡೆ ಹೋಗಲಿಲ್ಲ, ಯಾವ ಮುಖ ಹೊತ್ತು ಹೋಗುವುದು?

ಪಾಠದ ಗಲಾಟೆಯಲ್ಲಿ ಇದೆಲ್ಲ ಮುಚ್ಚಿಹೋಗಿತ್ತು. ಪಾಠ ನಿಂತ ಮೇಲೆ ಹತ್ತು ಗಂಟೆಯಾದರೆ ಸಾಕು, ಖಾಲಿ ನಡುಮನೆಯಲ್ಲಿ ಅಕ್ಕನ ಮಾತು ಬಂದು ಕೂತುಕೊಳ್ಳುತ್ತಿತ್ತು. ಬಳ್ಳಿಗಾವಿ ನಮ್ಮ ತಾಲ್ಲೂಕಿನದೇ. ಅಲ್ಲಿನ ಹಳೆಯ ಮಠಗಳಲ್ಲಿ ವ್ಯಾಕರಣ, ತರ್ಕ ಎಲ್ಲ ಕಲಿಸುತ್ತಿದ್ದರೆಂದು ಶಾಸನಗಳು ಹೇಳುತ್ತವೆ. ಕಲಿಸುವುದಕ್ಕೆ ಭೂಮಿ ಕೊಟ್ಟವರ ಹೆಸರಿದೆ, ಕಲಿಸಿದವರ ಹೊಗಳಿಕೆಯಿದೆ. ಶಿಷ್ಯರು ಹೊರಟುಹೋದ ಮೇಲೆ ಆ ಗುರುಗಳು ಮಧ್ಯಾಹ್ನದ ಹೊತ್ತು ಏನು ಮಾಡಿದರು, ಯಾವ ಹಳೆಯ ತಪ್ಪು ನೆನೆದು ಕೊರಗಿದರು ಎನ್ನುವುದನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ಕೊರಗಿಗೆ ಮದ್ದೆಂದು ಹೊಸ ಹೊಸ ವಿದ್ಯೆಗೆ ಕೈಹಾಕಿದೆ. ಹೊಲಿಗೆ ಕ್ಲಾಸಿಗೆ ಸೇರಿ, ಯಜಮಾನರಿಗೊಂದು ಪೈಜಾಮ ಹೊಲಿದೆ. ಅದರ ಎರಡು ಕಾಲುಗಳು ಬೇರೆ ಬೇರೆ ಊರಿಗೆ ಹೊರಟಂತಿದ್ದವು. ಅಲ್ಲಿಗೆ ಹೊಲಿಗೆ ಮುಗಿಯಿತು. ಆಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟು. ಮೊದಲ ದಿನ ನನ್ನ ಅರ್ಧ ವಯಸ್ಸಿನ ಮೇಷ್ಟ್ರು ಒಳಗೆ ಬಂದದ್ದೇ ಹುಡುಗ ಹುಡುಗಿಯರೆಲ್ಲ ಎದ್ದು ನಿಂತರು. ನಾನು ಕೂತಲ್ಲಿಂದಲೇ ಕೈಯಾಡಿಸಿ, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದುಬಿಟ್ಟೆ. ಪಾಪ, ಎಲ್ಲರೂ ಕೂತರು. ಮೇಷ್ಟ್ರೂ ಕೂತರು. ಆವತ್ತಿನಿಂದ ಅವರು ನನ್ನ ತಪ್ಪುಗಳನ್ನು ಪೆನ್ಸಿಲಿನಲ್ಲಿ ಮೆತ್ತಗೆ ಗುರುತು ಮಾಡುತ್ತಾರೆ, ಉಳಿದವರದ್ದಕ್ಕೆ ಕೆಂಪು ಶಾಯಿ. ಟೈಪಿಂಗ್ ಮಾತ್ರ ಇನ್ನೂ ಬಿಟ್ಟಿಲ್ಲ, ಬೆರಳುಗಳು ಒಂದೊಂದಾಗಿ ಮಾತು ಕೇಳುತ್ತಿವೆ.

ಭಾನುವಾರಗಳಂದು ಮೂವರೂ ತಿರುಗಾಟಕ್ಕೆ ಹೋಗಲು ಶುರು ಮಾಡಿದೆವು. ಐದು ವರ್ಷ ಮಗಳ ಆರೋಗ್ಯ, ಪರೀಕ್ಷೆ ಎಂದು ಎಲ್ಲಿಗೂ ಹೋಗಿರಲಿಲ್ಲ. ಅಂಬ್ಲಿಗೊಳ ಜಲಾಶಯದ ಕಟ್ಟೆಯ ಮೇಲೆ ನಿಂತಾಗ ಗಾಳಿ ಚೆನ್ನಾಗಿತ್ತು, ನನ್ನ ಬಾಯಿ ಸುಮ್ಮನಿರಲಿಲ್ಲ. ನೀರಿನ ಆಳ ಹೆಚ್ಚಿದಂತೆ ಒತ್ತಡ ಹೇಗೆ ಹೆಚ್ಚುತ್ತದೆ, ಅಣೆಕಟ್ಟಿನ ಬುಡ ಯಾಕೆ ಅಗಲವಿರುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಒಂಬತ್ತನೇ ಕ್ಲಾಸಿನ ಪಾಠ ಹೇಳುತ್ತಾ ಹೋದೆ. ಕಣ್ಣು ಬಿಟ್ಟರೆ ಅಪ್ಪ ಮಗಳು ಅಷ್ಟು ದೂರ ಹೋಗಿ ಮಂಡಕ್ಕಿ ತಿನ್ನುತ್ತಿದ್ದಾರೆ. ನನ್ನ ಪಾಠವನ್ನು ಪೂರ್ತಿ ಕೇಳಿದ್ದು ಎತ್ತು ಮೈ ತೊಳೆಯಲು ಬಂದಿದ್ದ ಒಬ್ಬ ರೈತ. ಆತ ವಿನಯವಾಗಿ ತಲೆಯಾಡಿಸಿ, "ಅದೆಲ್ಲ ಸರಿ ಬಿಡ್ರಮ್ಮ. ನಾಲೆಗೆ ನೀರು ಯಾವಾಗ ಬಿಡ್ತಾರಂತೆ, ಅದೇನಾರ ಗೊತ್ತಾ?" ಎಂದ. ಗೊತ್ತಿಲ್ಲ ಎಂದೆ. ಸಿಲೆಬಸ್ಸಿನಲ್ಲಿ ಅದು ಇರಲಿಲ್ಲ.

ತೊಗರ್ಸಿಗೆ ಹೋದ ದಿನ ನಗು ಬರಲಿಲ್ಲ. ಮಲ್ಲಿಕಾರ್ಜುನನಿಗೆ ಕೈಮುಗಿದು ಹೊರಗೆ ಬರುವಷ್ಟರಲ್ಲಿ ಬಸ್ಸು ಹೊರಟಿತ್ತು. ರೂಪಾ ಲಂಗ ಎತ್ತಿ ಹಿಡಿದು ಓಡಿಯೇ ಓಡಿದಳು, ಕೈಬೀಸಿ ಬಸ್ಸು ನಿಲ್ಲಿಸಿದಳು, ತಿರುಗಿ ನಮ್ಮನ್ನು ನೋಡಿ ನಕ್ಕಳು. ಏದುಸಿರು ಬಂದದ್ದು ನನಗೆ. ಅವಳು ಹೀಗೆ ಓಡಿದ್ದನ್ನು ನಾನು ನೋಡಿದ್ದು ಅವಳು ಹತ್ತು ವರ್ಷದವಳಿದ್ದಾಗ. ಬಯಲಿನಲ್ಲಿ ಗೆಳತಿಯರ ಜೊತೆ ಮೂರು ವರ್ಷ ಓಡಬಹುದಾಗಿದ್ದ ಹುಡುಗಿ ಚಾಪೆಯ ಮೇಲೆ ನನ್ನೆದುರು ಕೂತಿದ್ದಳಲ್ಲ ಎನಿಸಿತು. ಈಗ ಕಾಲೇಜಿನಲ್ಲಿ ಅವಳಿಗೆ ಇಬ್ಬರು ಗೆಳತಿಯರಿದ್ದಾರೆ. ಅವರಿಬ್ಬರೂ ಹೈಸ್ಕೂಲಿನ ಕಥೆ ಹೇಳುವಾಗ ಇವಳು ಸುಮ್ಮನೆ ಕೇಳುತ್ತಾಳೆ, ಹೇಳಲು ಇವಳ ಹತ್ತಿರ ಏನಿದೆ?

ದಸರಾ ರಜೆಗೆ ಮುಂಚೆ ಅಕ್ಕನ ಕಾರ್ಡು ಬಂತು. ಮೂರು ವರ್ಷದಲ್ಲಿ ಮೊದಲನೆಯದು. ದುಂಡಗಿನ ಟೀಚರ್ ಅಕ್ಷರದಲ್ಲಿ ನಾಲ್ಕೇ ಸಾಲು: ರೂಪಾ ಪಾಸಾದದ್ದು ತಿಳಿಯಿತು, ಸಂತೋಷ, ಎಲ್ಲರೂ ಬನ್ನಿ, ಕುಬಟೂರಿಗೆ ಹೋಗಿ ಬರೋಣ. ಯಜಮಾನರಿಗೆ ಖುಷಿಯೋ ಖುಷಿ. "ಅಂತೂ ನಿಮ್ಮಕ್ಕಂಗೆ ಸಿಟ್ಟು ಇಳೀತು ನೋಡು. ಅದೇನಕ್ಕೆ ಬಂದಿತ್ತೋ ಶಿವನೇ ಬಲ್ಲ" ಎಂದರು. ಶಿವನ ಜೊತೆಗೆ ನಾನೂ ಬಲ್ಲೆ.

ಸೊರಬದಲ್ಲಿ ಅಕ್ಕ ರೂಪಾಳನ್ನು ತಬ್ಬಿಕೊಂಡಳು, ಯಜಮಾನರಿಗೆ ಕಾಲು ತೊಳೆಯಲು ನೀರು ಕೊಟ್ಟಳು, ನನಗೆ "ಬಂದ್ಯಾ" ಎಂದಳು. ಮರುದಿನ ಬುತ್ತಿ ಕಟ್ಟಿಕೊಂಡು ಕುಬಟೂರಿಗೆ ಹೋದೆವು. ಹಳೆಯ ದೇವಸ್ಥಾನ, ಕನ್ನಡಿಯಂತೆ ಹೊಳೆಯುವ ಕಲ್ಲುಕಂಬಗಳು. ಅವುಗಳ ಬಗ್ಗೆ ನಾನು ಒಂದೇ ಒಂದು ಮಾತಾಡಲಿಲ್ಲ ಎಂದರೆ ನನ್ನ ಅವಸ್ಥೆ ನಿಮಗೆ ಅರ್ಥವಾಗಬೇಕು. ಹೊರಗೆ ಮರದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಕ್ಕ ಎಲ್ಲರ ಕೈಗೂ ರೊಟ್ಟಿ ಕೊಟ್ಟು, ತಾನು ಮುಟ್ಟದೆ, ನನ್ನನ್ನೇ ನೋಡಿ ಕೇಳಿದಳು.

"ಡಾಕ್ಟ್ರು ಹೇಳಿದ್ದನ್ನ ಮಗೂಗೆ ಹೇಳಿದ್ಯನೇ? ನೀ ಹೇಳ್ತೀಯಾ, ನಾ ಹೇಳ್ಲಾ?"

ಹೇಳಿದೆ. ತಲೆ ತಗ್ಗಿಸಿಕೊಂಡು, ಕೈಯಲ್ಲಿನ ರೊಟ್ಟಿಗೆ ಹೇಳುವ ಹಾಗೆ ಹೇಳಿದೆ. ಡಾಕ್ಟರು ಎರಡೇ ವರ್ಷ ಸಾಕೆಂದಿದ್ದರು, ಎಂಟನೇ ಕ್ಲಾಸಿಗೆ ನೀನು ಶಾಲೆಗೆ ಹೋಗಬಹುದಾಗಿತ್ತು, ನಾನು ಸುಳ್ಳು ಹೇಳಿ ಇಟ್ಟುಕೊಂಡೆ, ತಪ್ಪಾಯಿತು ಎಂದೆ. ಯಜಮಾನರು ಅಗಿಯುವುದನ್ನು ನಿಲ್ಲಿಸಿದರು.

ರೂಪಾ ಚಟ್ನಿ ಹಚ್ಚಿಕೊಳ್ಳುತ್ತಾ, "ಗೊತ್ತಿತ್ತು" ಎಂದಳು. "ಡಾಕ್ಟ್ರ ರೂಮಿನ ಬಾಗಿಲ ಹಿಂದೇನೇ ಚಪ್ಪಲಿ ಹಾಕ್ಕೊಳ್ತಿದ್ನಲ್ಲ, ಎಲ್ಲಾ ಕೇಳಿಸ್ತು."

"ಮತ್ತೆ ಅಪ್ಪಂಗೆ ಯಾಕೇ ಹೇಳ್ಲಿಲ್ಲ?" ಎಂದೆ ನಾನು.

"ಹೇಳ್ಬೇಕು ಅಂತಾನೇ ಇದ್ದೆ. ನಿನ್ ಮೇಲೆ ತುಂಬ ಸಿಟ್ಟು ಬಂದಿತ್ತು. ಒಂದಿನ ಬೆಳಗ್ಗೆ ಬೇಗ ಎಚ್ಚರ ಆಯ್ತು. ನೋಡಿದ್ರೆ ನೀನು ಅಡುಗೆಮನೆ ನೆಲದ ತುಂಬ ಸೀಮೆಸುಣ್ಣದಲ್ಲಿ ತ್ರಿಕೋನ ಬರೀತಿದ್ದೆ. ಉದ್ದಂದು, ಕುಳ್ಳಂದು, ಸೊಟ್ಟಂದು. ಒಂದೊಂದನ್ನೂ ಕೋನಮಾಪಕ ಇಟ್ಟು ಅಳೆದು, ಮೂರೂ ಕೂಡಿಸಿ, ನೂರೆಂಬತ್ತು ಬಂದಾಗೆಲ್ಲ ಒಬ್ಳೇ ನಗ್ತಿದ್ದೆ. ಒಲೆ ಮೇಲೆ ಹಾಲು ಉಕ್ಕಿ ಹೋಗ್ತಿತ್ತು, ನಿಂಗೆ ಗೊತ್ತೇ ಇರ್ಲಿಲ್ಲ." ಅವಳು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. "ನಿಂದೂ ಎಸ್ಸೆಲ್ಸಿ ಆಗ್ಲಿ ಅಂತ ಸುಮ್ನಾದೆ."

ಯಜಮಾನರು ಬಾಯಲ್ಲಿದ್ದ ತುತ್ತು ನುಂಗಿ, "ಹಂಗಾರೆ ಗೊತ್ತಿಲ್ದೇ ಇದ್ದಿದ್ದು ನಂಗೊಬ್ಬಂಗೇನಾ?" ಎಂದರು. ಮೊದಲು ನಕ್ಕಿದ್ದು ಗಿರಿಜಕ್ಕ. ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೂವತ್ತು ವರ್ಷ ಪಾಠ ಹೇಳಿದೀನಿ, ನಂಗೆ ಇಂಥ ಹುಡುಗಿ ಒಬ್ಳೂ ಸಿಗ್ಲಿಲ್ಲ ಮಾರಾಯ್ತಿ" ಎಂದಳು.

ನಾನು ಅತ್ತೆನೋ ನಕ್ಕೆನೋ ಸರಿಯಾಗಿ ನೆನಪಿಲ್ಲ. ಕದ್ದೆ ಕದ್ದೆ ಎಂದು ಮೂರು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡು ಹೆದರಿದ್ದೆ, ಹುಡುಗಿ ಅದನ್ನು ಗೊತ್ತಿದ್ದೇ ಕೊಟ್ಟಿದ್ದಳಂತೆ. ಹನ್ನೆರಡು ವರ್ಷದ ಮಗು ಅಷ್ಟು ಕೊಡುತ್ತದೆ ಎಂದರೆ ಇಸಿದುಕೊಂಡವಳು ಇನ್ನು ಕೊರಗುತ್ತಾ ಕೂರುವುದು ಅವಮಾನ ಮಾಡಿದಂತೆ. ಒಂದು ವಿಷಯ ಚೆನ್ನಾಗಿ ನೆನಪಿದೆ. ಬೆಳಗಿನಿಂದ ಸತ್ತುಹೋಗಿದ್ದ ಹಸಿವು ಒಮ್ಮೆಗೇ ಎದ್ದು ಬಂತು. ಕೈಯಲ್ಲಿದ್ದುದನ್ನು ಮುಗಿಸಿ ಅಕ್ಕನ ಕಡೆ ಕೈಚಾಚಿ ಇನ್ನೊಂದು ರೊಟ್ಟಿ ಕೇಳಿದೆ. ಅಕ್ಕ ಎರಡು ಕೊಟ್ಟಳು.