ಎಸಿ, ಡಿಸಿ ಮತ್ತು ಅಕ್ಕನ ಷಡ್ಜ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನಾನು ಇವತ್ತು ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಎಸಿ ಎಂದರೇನು, ಡಿಸಿ ಎಂದರೇನು ಎಂಬ ಪ್ರಶ್ನೆಗೆ ನಾನು ಬರೆಸುತ್ತಿದ್ದ ಉತ್ತರ ಸರಿಯಾಗಿಯೇ ಇತ್ತು. ಅದನ್ನು ಬಾಯಿಪಾಠ ಮಾಡಿದ ಮಕ್ಕಳಿಗೆ ಪೂರ್ತಿ ಅಂಕವೂ ಬಂತು. ಆದರೆ ಆ ಉತ್ತರ ನನಗೇ ಅರ್ಥವಾದದ್ದು ನಿವೃತ್ತನಾದ ಮೇಲೆ, ಅದೂ ಅಕ್ಕನ ಶ್ರುತಿಪೆಟ್ಟಿಗೆಯನ್ನು ಸುಟ್ಟ ಮೇಲೆ.

ಆ ಉತ್ತರವನ್ನು ಮೊದಲು ಹೇಳಿಬಿಡುತ್ತೇನೆ. ಹೆದರಬೇಡಿ, ಕೊನೆಗೆ ಪರೀಕ್ಷೆ ಇಲ್ಲ. ಬ್ಯಾಟರಿಯಿಂದ ಬರುವುದು ಡಿಸಿ; ಅದು ಒಂದೇ ದಿಕ್ಕಿಗೆ ಹರಿಯುತ್ತದೆ. ಕಂಬದಿಂದ ಮನೆಗೆ ಬರುವುದು ಎಸಿ. ಅದು ಸೆಕೆಂಡಿಗೆ ಐವತ್ತು ಸಲ ಹೋಗಿ ಐವತ್ತು ಸಲ ಹಿಂದಿರುಗುತ್ತದೆ. ಹಾನಗಲ್ಲಿನ ನಮ್ಮ ಪಡಸಾಲೆಯ ತೂಗುಮಂಚದ ಹಾಗೆ ಅದು ಎಲ್ಲಿಗೂ ಹೋಗುವುದಿಲ್ಲ, ಆದರೂ ಕೂತವರಿಗೆ ಗಾಳಿ ಬೀಸುತ್ತದೆ. ಹೀಗೆ ದಿಕ್ಕು ಬದಲಿಸುತ್ತಲೇ ಇರುವುದರಿಂದ ಎಸಿಗೆ ಪ್ಲಸ್ಸು, ಮೈನಸ್ಸು ಎಂಬ ಕಾಯಂ ತುದಿಗಳಿಲ್ಲ. ಮೊಬೈಲ್ ಚಾರ್ಜರನ್ನು ಗೋಡೆಗೆ ಹೇಗೆ ಚುಚ್ಚಿದರೂ ಅದು ಗೊಣಗುವುದಿಲ್ಲ. ಡಿಸಿ ಮಡಿವಂತ. ಟಿವಿ ರಿಮೋಟಿಗೆ ಸೆಲ್ಲನ್ನು ತಿರುವುಮುರುವು ಹಾಕಿ ನೋಡಿ, ನಿಮ್ಮ ಮಾತು ಕೇಳಿದರೆ ಹೇಳಿ.

ವೋಲ್ಟೇಜು ಏರಿಸಿ ಇಳಿಸುವುದು ಎಸಿಯಲ್ಲಿ ಸುಲಭ, ಹಾಗಾಗಿ ಅದು ಊರೂರು ದಾಟಿ ಬರುತ್ತದೆ. ಮನೆಯೊಳಗಿನ ಮೊಬೈಲು, ವೈಫೈ ಡಬ್ಬಿ, ಎಲ್‌ಇಡಿ ದೀಪಗಳಿಗೆ ಹೊಟ್ಟೆಯೊಳಗೆ ಬೇಕಾದದ್ದು ಡಿಸಿ. ಇವರಿಬ್ಬರ ನಡುವೆ ರಾಜಿ ಮಾಡಿಸುವುದು ಅಡಾಪ್ಟರು. ಯಂತ್ರ ಕೆಟ್ಟರೂ ಅಡಾಪ್ಟರನ್ನು ಎಸೆಯಬಾರದು ಎಂಬುದು ನನ್ನ ಸಿದ್ಧಾಂತ, ಒಂದು ಬಿಸ್ಕೀಟಿನ ಡಬ್ಬಿ ತುಂಬ ಕೂಡಿಟ್ಟಿದ್ದೇನೆ. "ಇವನ್ನೇನು ಉಪ್ಪಿನಕಾಯಿ ಹಾಕೋರಿದ್ದೀರೇನು?" ಎಂದು ನನ್ನ ಹೆಂಡತಿ ಕೇಳುತ್ತಿರುತ್ತಾಳೆ.

ಇನ್ನು ಅಕ್ಕನ ವಿಷಯ. ಸುಮಿತ್ರಕ್ಕ ಇರುವುದು ರಟ್ಟೀಹಳ್ಳಿಯಲ್ಲಿ. ಅಲ್ಲಿಯ ಭಜನಿ ಮಂಡಳಿಯಲ್ಲಿ ಎಷ್ಟೋ ವರ್ಷಗಳಿಂದ ಎರಡನೆಯ ಸಾಲಿನಲ್ಲಿ ಕೂತು ತಾಳ ಹಾಕುತ್ತ, ಮುಂದಿನ ಸಾಲಿನವರ ತಪ್ಪನ್ನು ಮೆಲ್ಲಗೆ ಮುಚ್ಚುತ್ತ ಬಂದವಳು. ಎರಡು ವರ್ಷದ ಹಿಂದೆ ಅವಳಿಗೆ ಥೈರಾಯ್ಡಿನ ಆಪರೇಶನ್ ಆಯಿತು. ಧ್ವನಿ ಹೋಯಿತು. ನಿಧಾನಕ್ಕೆ ಬರುತ್ತದೆ ಎಂದರು ಡಾಕ್ಟರು, ಬಂದಿತು ಕೂಡ. ಆದರೆ ನಿಲ್ಲುತ್ತಿರಲಿಲ್ಲ. ಶ್ರುತಿ ಜೊತೆಗಿದ್ದರೆ ಸರಿ, ಇಲ್ಲದಿದ್ದರೆ ಹಾಡುತ್ತ ಹಾಡುತ್ತ ಜಾರಿ ಕೆಳಗಿಳಿಯುತ್ತಿತ್ತು. ಅಕ್ಕ ವಿದ್ಯುತ್ ಶ್ರುತಿಪೆಟ್ಟಿಗೆಯೊಂದನ್ನು ತರಿಸಿ, ಬಿಳಿ ಐದಕ್ಕೆ, ಅಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಗೆ, ಅದನ್ನು ಇಟ್ಟುಕೊಂಡು ವರ್ಷವಿಡೀ ಬೆಳಗಿನಲ್ಲಿ ಅಭ್ಯಾಸ ಮಾಡಿದಳು. ಈ ಸಲದ ವಾರ್ಷಿಕೋತ್ಸವದಲ್ಲಿ ಮಂಡಳಿಯವರು ಅವಳೊಬ್ಬಳಿಗೇ ಹತ್ತು ನಿಮಿಷ ಕೊಟ್ಟರು. ಫೋನಿನಲ್ಲಿ ಅದನ್ನು ತಿಳಿಸಿ, "ಈ ಸಲ ಆಗಲಿಲ್ಲಂದ್ರ ಮತ್ತ ಹಾಡಂಗಿಲ್ಲ ನೋಡು" ಎಂದಳು. ಅಕ್ಕ ಆಡಿದರೆ ಆಡಿದ್ದೇ.

ಪೆಟ್ಟಿಗೆಯ ಅಡಾಪ್ಟರಿನ ವೈರು ಕುತ್ತಿಗೆಯ ಹತ್ತಿರ ಮುರಿದಿದೆ, ಒಂದು ಹೊಸದು ನೋಡು ಎಂದೂ ಹೇಳಿದಳು. ಹೊಸದು ಯಾಕೆ? ನನ್ನ ಡಬ್ಬಿಯ ಜನ್ಮ ಸಾರ್ಥಕವಾಗುವ ದಿನ ಬಂದಿತ್ತು. ಅವಳದೂ ಒಂಬತ್ತು ವೋಲ್ಟು, ನಾನು ಆರಿಸಿದ್ದೂ ಒಂಬತ್ತು ವೋಲ್ಟು. ಕಾರ್ಯಕ್ರಮದ ದಿನ ಮಧ್ಯಾಹ್ನ ರಟ್ಟೀಹಳ್ಳಿಯ ಸಭಾಭವನದಲ್ಲಿ, ಅಕ್ಕನ ಸರದಿಗೆ ಅರ್ಧ ತಾಸು ಮೊದಲು, ಬಹಳ ಗತ್ತಿನಿಂದ ಅದನ್ನು ಪೆಟ್ಟಿಗೆಗೆ ಚುಚ್ಚಿ ಸ್ವಿಚ್ ಒತ್ತಿದೆ. ಶ್ರುತಿ ಬರಲಿಲ್ಲ. ಒಗ್ಗರಣೆ ಸೀದ ವಾಸನೆ ಬಂತು.

ಅಡಾಪ್ಟರಿನ ಬೆನ್ನ ಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ. ನಡುವೆ ಒಂದು ಚುಕ್ಕಿ, ಸುತ್ತ ಅರ್ಧಚಂದ್ರ, ಒಂದಕ್ಕೆ ಪ್ಲಸ್, ಇನ್ನೊಂದಕ್ಕೆ ಮೈನಸ್. ಅಕ್ಕನ ಪೆಟ್ಟಿಗೆಗೆ ನಡುವೆ ಮೈನಸ್ ಬೇಕಿತ್ತು, ನನ್ನದರಲ್ಲಿ ಪ್ಲಸ್ ಇತ್ತು. ಬಾಯಿ ಕೂಡಿತು, ವೋಲ್ಟು ಕೂಡಿತು ಎಂದು ನಾನು ಮದುವೆ ಮಾಡಿಸಿಬಿಟ್ಟಿದ್ದೆ. ಡಿಸಿಗೆ ದಿಕ್ಕು ಮುಖ್ಯ ಎಂದು ಸಾವಿರಾರು ಮಕ್ಕಳಿಗೆ ಬರೆಸಿದ ಕೈಯೇ ಅದು.

ಅಕ್ಕ ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. "ಇದನ್ನೇ ಏನೋ ನೀ ಮೂವತ್ತೊಂದು ವರ್ಷ ಕಲಿಸಿದ್ದು?" ಎಂದಳು, ಅಷ್ಟೇ. ಹಾರ್ಮೋನಿಯಂನವರು ಬೆಳಗಿನ ಕಾರ್ಯಕ್ರಮ ಮುಗಿಸಿ ತಮ್ಮ ಪೆಟ್ಟಿಗೆ ಸಮೇತ ಸವಣೂರಿಗೆ ಹೋಗಿಯಾಗಿತ್ತು. ಮೊಬೈಲಿನಲ್ಲಿ ಪುಕ್ಕಟೆ ತಂಬೂರಿ ಆ್ಯಪ್ ಇಳಿಸಿಕೊಂಡೆ. ಅದು ಅರ್ಧ ನಿಮಿಷ ನುಡಿದು, ನಡುವೆ ಹಲ್ಲುಪುಡಿಯ ಜಾಹೀರಾತು ಹಾಡಿತು. ಅಷ್ಟರಲ್ಲಿ ಅಕ್ಕನ ಹೆಸರು ಕೂಗಿದರು. ಅವಳು ಬರಿಗೈಯಲ್ಲಿ ಹೋಗಿ ವೇದಿಕೆಯ ಮೇಲೆ ಕೂತಳು. ನನಗೆ ಎಲ್ಲಿಯಾದರೂ ಓಡಿಹೋಗಬೇಕು ಅನಿಸಿತು.

ಮೈಕಿನ ಬಸಣ್ಣ ಸ್ಪೀಕರ್ ಏರಿಸಿದ. ಮಾತಿನ ಗದ್ದಲದಲ್ಲಿ ಅಲ್ಲಿಯವರೆಗೆ ಕೇಳಿಸದಿದ್ದ ಒಂದು ಗುಂಯ್‌ಗುಟ್ಟುವ ಸದ್ದು ಸಭೆಯ ತುಂಬ ಹರಡಿತು. ಬಸಣ್ಣ ನಾಚಿಕೊಂಡು ವೈರು ಎಳೆದಾಡತೊಡಗಿದ.

"ಬಸಣ್ಣಾ, ಅದನ್ನ ತಗೀಬ್ಯಾಡ," ಎಂದಳು ಅಕ್ಕ ಮೈಕಿನಲ್ಲೇ.

"ಅಕ್ಕಾರ, ಆಂಪ್ಲಿಫಾಯರ್ ಹಳೇದೈತ್ರಿ, ಗುಂಯ್ ಅನ್ನಾಕತ್ತೈತ್ರಿ. ಒಂದ್ ನಿಮಿಷ ತಡೀರಿ, ಸರಿ ಮಾಡ್ತೇನಿ."

"ಏನೂ ಮಾಡಬ್ಯಾಡ. ಅದು ನನ್ನ ಷಡ್ಜ ಅದ, ಹಂಗ ಇರಲಿ."

ಕಣ್ಣು ಮುಚ್ಚಿ, ಆ ಸದ್ದಿನ ಮೇಲೆ ತನ್ನ ಸಾ ಇಟ್ಟಳು. ಕೂತಿತು!

ಆಂಪ್ಲಿಫಾಯರಿಗೂ ಒಳಗೆ ಬೇಕಾದದ್ದು ಡಿಸಿ. ಬಂದ ಎಸಿಯ ಹೋಗುವಿಕೆ, ಬರುವಿಕೆ ಎರಡನ್ನೂ ಒಂದೇ ಕಡೆಗೆ ತಿರುಗಿಸಿ, ಆಮೇಲೆ ಕೆಪಾಸಿಟರ್ ಎಂಬ ಭಾಗ ಅದರ ಏರಿಳಿತವನ್ನು ಸಪಾಟು ಮಾಡುತ್ತದೆ. ಕೆಪಾಸಿಟರಿಗೆ ವಯಸ್ಸಾದರೆ ಕೆಲಸ ಅರ್ಧಂಬರ್ಧ. ಉಳಿದ ಏರಿಳಿತ ಸೆಕೆಂಡಿಗೆ ನೂರು ಸಲ ಸ್ಪೀಕರಿನಲ್ಲಿ ಮಿಡಿಯುತ್ತದೆ. ಆ ನೂರು, ಕೆಳಗಿನ ಸಪ್ತಕದ ಬಿಳಿ ಐದಕ್ಕಿಂತ ಕೂದಲೆಳೆಯಷ್ಟು ಏರು. ಅದರ ಜೊತೆಗೇ ಹುಟ್ಟುವ, ಸೆಕೆಂಡಿಗೆ ಮುನ್ನೂರು ಸಲದ ಮಿಡಿತವೇ ಪಂಚಮ. ಇದೆಲ್ಲ ನಾನು ಮರುದಿನ ಲೆಕ್ಕ ಹಾಕಿ ಕಂಡುಕೊಂಡದ್ದು. ಅಕ್ಕನಿಗೆ ಲೆಕ್ಕ ಗೊತ್ತಿರಲಿಲ್ಲ, ಕಿವಿ ಇತ್ತು.

ದೇವರನಾಮದ ಎರಡನೆಯ ನುಡಿ ಶುರುವಾಗಿತ್ತು. ಕರೆಂಟು ಹೋಯಿತು. ಫ್ಯಾನುಗಳು ನಿಂತವು, ಮೈಕು ಸತ್ತಿತು, ಗುಂಯ್ ಎನ್ನುವುದು ನಿಂತಿತು. ಅಕ್ಕ ನಿಲ್ಲಲಿಲ್ಲ. ಸಣ್ಣ ಧ್ವನಿ, ಆದರೂ ಹಿಂದಿನ ಸಾಲಿಗೆ ಮುಟ್ಟುವಷ್ಟು ಮೌನ. ಅದು ಜಾರುತ್ತಿದೆಯೋ ಇಲ್ಲವೋ ತಿಳಿಯುವ ಕಿವಿ ನನಗಿಲ್ಲ. ಮುಂದಿನ ಸಾಲಿನಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಕೊನೆಯ ನುಡಿ ಮುಗಿಸಿ ಅವಳು ಷಡ್ಜಕ್ಕೆ ಬಂದು ನಿಂತಳು, ಎಳೆದಳು, ಆಗ ಕರೆಂಟು ಬಂತು. ಸ್ಪೀಕರಿನ ಸದ್ದು ಮರಳಿ ಎದ್ದು ಅವಳ ಧ್ವನಿಯ ಪಕ್ಕದಲ್ಲಿ ನಿಂತಿತು. ಎರಡರ ನಡುವೆ ಒಂದು ಎಳೆಯೂ ಅಂತರವಿಲ್ಲ. ಅಷ್ಟು ನನ್ನ ಕಿವಿಗೂ ತಿಳಿಯಿತು. ಅಷ್ಟು ಜನರೆದುರು ಅತ್ತುಬಿಟ್ಟೆ.

ಮನೆಗೆ ನಡೆದು ಬರುವಾಗ ಕೇಳಿದೆ, "ಕರೆಂಟ್ ಹೋದಾಗ ಅಂಜಿಕಿ ಬರಲಿಲ್ಲೇನಕ್ಕಾ?"

"ಬಂತಲ್ಲೋ, ಕೈಕಾಲು ತಣ್ಣಗಾಗಿದ್ದವು. ಕಣ್ಣು ತಗದ್ರ ಎದುರಿಗೆ ನಿನ್ನ ಮಾರಿ. ನನಗಿಂತ ನೀನ ಹೆಚ್ಚು ಅಂಜಿದ್ದಿ. ಇಬ್ಬರೊಳಗ ಒಬ್ಬರರ ಧೈರ್ಯಾ ಹಿಡೀಬೇಕಲ್ಲ ಅಂತ ಹಾಡಿದೆ."