ಚಹಾ ಕುಡಿಯದ ಮಾಸ್ತರ್ರು

ಗುರುಬಸಪ್ಪ ಮಾಸ್ತರ್ರು ಚಹಾದ ಕಪ್ಪು-ಬಸಿಯನ್ನು ಎರಡೂ ಕೈಯಿಂದ ಮೆಲ್ಲಗೆ ಹಿಂದಕ್ಕೆ ಸರಿಸುತ್ತಿದ್ದ ರೀತಿಗೆ ಕುಷ್ಟಗಿ ತಾಲ್ಲೂಕಿನ ಎಷ್ಟೋ ಮನೆಗಳು ಮುನಿಸಿಕೊಂಡಿದ್ದವು. ಮನೆಗೆ ಬಂದವರು ಚಹಾ ಬೇಡವೆಂದರೆ ನಮ್ಮ ಕಡೆ ಅದು ಸಣ್ಣ ಅವಮಾನವಲ್ಲ. ತಮ್ಮ ಮನೆಯಲ್ಲಿ ಮಾತ್ರ ಈ ಮಹಾನುಭಾವರು ದಿನವಿಡೀ ಚಹಾ ಹೀರುವವರೇ.

ಕಾಲೇಜಿನಿಂದ ನಿವೃತ್ತರಾದ ಅವರಿಗೆ ತೈಲ ಕಂಪನಿಯೊಂದು ಕೆಲಸ ಒಪ್ಪಿಸಿತ್ತು. ಹೊಲಗಳ ಅಡಿಯಲ್ಲಿ ಹಾದುಹೋಗುವ ಎಣ್ಣೆ ಪೈಪಿನಿಂದ ಯಾರಿಗಾದರೂ ಅನ್ಯಾಯವಾಗುತ್ತದೆಯೇ ಎಂದು ನೋಡಿ ವರದಿ ಕೊಡಬೇಕು. ಬರೆದುಕೊಳ್ಳಲು ಜೊತೆಗೆ ನಾನು. ಪಂಚಾಯ್ತಿ ಸಭೆಯಲ್ಲಿ ಎಲ್ಲರೂ ಒಪ್ಪಿಯಾಗಿದೆ ಎಂದು ಕಂಪನಿಯವರು ಮೊದಲೇ ಹೇಳಿದ್ದರು.

"ಸಾಹೇಬ್ರಿಗೆ ಚಾ ಕುಡಿಸಿ, ಅವರ ಮುಂದನ ಒಲ್ಲೆ ಅಂತಾರೇನವ್ವಾ ನಮ್ಮ ಮಂದಿ? ಉಪಚಾರ ಮಾಡಿದ ಮ್ಯಾಲ ಬಾಯಿ ಬರಂಗಿಲ್ಲ. ಅದಕ್ಕ ನಾ ಕುಡಿಯಂಗಿಲ್ಲ" ಎಂದರು ಮಾಸ್ತರ್ರು, ನಾನು ಕಾರಣ ಕೇಳಿದಾಗ. ನನಗೆ ಇದು ಅತಿಯೆನಿಸಿತ್ತು.

ಯಲ್ಲವ್ವ ಕುಷ್ಟಗಿಯ ಸಾಹುಕಾರರೊಬ್ಬರ ದಾಳಿಂಬೆ ತೋಟವನ್ನು ಪಾಲಿಗೆ ಮಾಡುತ್ತಿದ್ದಳು. ಪೈಪು ಹೋದ ಮೇಲೆ ಅಲ್ಲಿ ಜೋಳ ಬಿತ್ತಬಹುದು, ಗಿಡ ನೆಡುವಂತಿಲ್ಲ. ಪರಿಹಾರವೆಲ್ಲ ನೆಲದ ಒಡೆಯರಿಗೆ. ಸಭೆಯಲ್ಲಿ ಅವಳೂ ಹೂಂ ಎಂದವಳೇ. ಅವಳ ಮನೆಯಲ್ಲಿ ಮಾಸ್ತರ್ರು ಬಸಿ ಸರಿಸಿದ್ದೇ ತಡ, ಅವಳ ಮುಖ ಗಂಟಾಯಿತು.

"ನಮ್ಮನ್ಯಾಗ ಚಾ ಮುಟ್ಟದವ್ರಿಗೆ ನನಗ್ಯಾಕ್ರಿ ದಾಕ್ಷಿಣ್ಯ? ಹೇಳ್ತೀನಿ ಬರಕೋರಿ. ನನಗ ಈ ಪೈಪ ಬ್ಯಾಡ. ಗಿಡ ಹೋದ್ರ ನಾ ಎಲ್ಲಿಗಿ ಹೋಗ್ಲಿ?"

ಬೈಸಿಕೊಂಡು ಮಾಸ್ತರ್ರಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ. ಪಾಲಿನವರಿಗೂ ಬದುಕುವ ದಾರಿಯಾಗದೆ ನೆಲ ಅಗೆಯಬಾರದು ಎಂದು ವರದಿಯಲ್ಲಿ ಬರೆದರು. ಆ ಮಾತು ತೆಗೆಯಿರಿ ಎಂದಿತು ಕಂಪನಿ. ಇವರು ತೆಗೆಯಲಿಲ್ಲ. ಬೇರೊಬ್ಬರು ಕಾರಿನಲ್ಲಿ ಬಂದು, ಚಹಾ ಕುಡಿದು, ಎಲ್ಲ ಸರಿಯಿದೆಯೆಂದು ಬರೆದುಕೊಟ್ಟರು. ಯಲ್ಲವ್ವನ ಗಿಡಗಳನ್ನು ಕಂಪನಿಯವರು ಕಿತ್ತುಹಾಕಿದರು.

ಸುದ್ದಿ ತಿಳಿದ ಮಾಸ್ತರ್ರು ನನ್ನನ್ನೂ ಕರೆದುಕೊಂಡು ಯಲ್ಲವ್ವನ ಬಳಿ ಹೋದರು. ಸೋತದ್ದನ್ನು ತಾವೇ ಹೇಳಬೇಕು ಎಂಬುದು ಅವರ ಹಟ.

"ನೀ ಬ್ಯಾಡ ಅಂದದ್ದು ಬರದಿದ್ನಿ, ತಾಯಿ. ಅವರು ಕೇಳಲಿಲ್ಲ."

ಯಲ್ಲವ್ವ ಸಿಟ್ಟಾಗಲಿಲ್ಲ. ಹೊಸದಾಗಿ ಅಗೆದ ಮಣ್ಣಿನ ಕಡೆ ನೋಡುತ್ತ, "ಹೂಂ ಅಂದ್ರೂ ಅಗೀತಾರ, ಒಲ್ಲೆ ಅಂದ್ರೂ ಅಗೀತಾರ. ಮತ್ಯಾಕ ನನ್ನ ಕೇಳಾಕ ಬಂದಿದ್ರಿ, ಯಪ್ಪಾ?" ಎಂದಳು.

ಮಾಸ್ತರ್ರು ನನ್ನ ಜೊತೆ ಬಸ್ಸು ಹತ್ತಿ, ತಮ್ಮೂರು ಹಿಟ್ನಾಳದಲ್ಲಿ ಇಳಿದು ಮನೆ ಕಡೆ ನಡೆದರು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಅಲ್ಲೇ. ಆ ಬೇಸಿಗೆಯಲ್ಲಿ ತೀರಿಕೊಂಡರು.

ಈಗ ಇಂಥ ವರದಿ ಬರೆಯುವವಳು ನಾನು. ಮಾಸ್ತರ್ರು ಇರಬೇಕಿತ್ತು ಅನಿಸುತ್ತದೆ. ಯಾರದೇ ಮನೆಯ ಮುಂದೆ ನಿಂತರೂ ಯಲ್ಲವ್ವ ಕೇಳಿದ ಪ್ರಶ್ನೆ ಕಿವಿಗೆ ಬಂದು, ಕದ ತಟ್ಟಲು ಕೈ ಬೇಗ ಏಳುವುದಿಲ್ಲ.