ಮೂರನೆಯ ಮಿಠಾಯಿ ಡಬ್ಬ

೨೦೦೬ರ ಚಳಿಗಾಲ. ಕೋಲ್ಕತ್ತದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಆಧುನಿಕ ಯೂರೋಪಿನ ಇತಿಹಾಸ ಕಲಿಸುತ್ತಿದ್ದೆ. ಸಾಲ್ಟ್ ಲೇಕ್ ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ನಮ್ಮ ವಿಭಾಗದಲ್ಲಿ ಮಾತ್ರ ಎರಡೇ ಕಂಪ್ಯೂಟರ್. ಅದರಲ್ಲೊಂದು ನೆತ್ತಿಗೆ ತಟ್ಟಿದರಷ್ಟೇ ಕಣ್ಣು ಬಿಡುತ್ತಿತ್ತು.

ಆಗ ನಾನು ಸಂಚಾಲಕನಾಗಿದ್ದ ವಿಚಾರ ಸಂಕಿರಣಕ್ಕೆ ಒಂದು ವಿದೇಶಿ ಕಾನ್ಸುಲೇಟ್ ಪ್ರಾಯೋಜಕತ್ವ ವಹಿಸಲು ಮುಂದೆ ಬಂತು. ಹೊಸ ಕಂಪ್ಯೂಟರ್ ಲ್ಯಾಬನ್ನೂ ಕೊಡುತ್ತೇವೆ ಎಂದಿತು. ದೇಶದ ಹೆಸರು ಬೇಡ. ಒಬ್ಬನೇ ನಾಯಕ, ವರ್ಷ ವರ್ಷಕ್ಕೂ ದಪ್ಪವಾಗುವ ಸೈನ್ಯ, ಅಷ್ಟು ಹೇಳಿದರೆ ಸಾಕು.

ಸಂಕಿರಣದ ಹೆಸರು 'ಮ್ಯೂನಿಕ್‌ನ ಪಾಠ: ತುಷ್ಟೀಕರಣ ಮತ್ತು ಸರ್ವಾಧಿಕಾರ'. ಬಲ ಕೂಡಿಸಿಕೊಳ್ಳುತ್ತಿರುವವನು ಕೇಳಿದ್ದನ್ನು ಕೊಟ್ಟು ಯುದ್ಧ ತಪ್ಪಿಸಲು ನೋಡುವುದಕ್ಕೆ ನಾವು ತುಷ್ಟೀಕರಣ ಎನ್ನುತ್ತೇವೆ. ೧೯೩೮ರ ಮ್ಯೂನಿಕ್ ಒಪ್ಪಂದದಲ್ಲಿ ಬ್ರಿಟನ್ನೂ ಫ್ರಾನ್ಸೂ ಜೆಕೊಸ್ಲೊವಾಕಿಯಾದ ಗಡಿಸೀಮೆಯನ್ನು ಜರ್ಮನಿಗೆ ಬಿಟ್ಟುಕೊಟ್ಟದ್ದು ಹೀಗೇ. ನನ್ನ ಸಂಶೋಧನಾ ವಿದ್ಯಾರ್ಥಿನಿ ನಫೀಸಾ ಅದರ ಮೇಲೆ ತನ್ನ ಮೊದಲ ಪ್ರಬಂಧ ಮಂಡಿಸಬೇಕಿತ್ತು. ಹುಬ್ಬಳ್ಳಿ ಮೂಲದ ರೈಲ್ವೆ ನೌಕರರ ಮಗಳು, ಬೆಳೆದದ್ದು ಕೋಲ್ಕತ್ತದ ಬೆಹಾಲಾದಲ್ಲಿ. ಅಂದು ಜೆಕ್ಕರ ಕೈಬಿಟ್ಟು ಹೋದದ್ದು ಬರೀ ನೆಲವಲ್ಲ, ಬೆಟ್ಟಸಾಲಿನ ಕೋಟೆಗಳೂ ಹೋದವು. ಆರು ತಿಂಗಳೊಳಗೆ ಪ್ರಾಗ್ ಬಿತ್ತು, ಜೆಕ್ಕರ ಟ್ಯಾಂಕುಗಳೇ ಜರ್ಮನ್ ಸೈನ್ಯ ಸೇರಿದವು ಎಂಬುದು ಅವಳ ವಾದ. ಕೊನೆಯ ಭಾಗದಲ್ಲಿ, ಇಂದು ಹಾಗೆಯೇ ಶಸ್ತ್ರ ಕೂಡಿಸುತ್ತಿರುವ ನಾಲ್ಕು ದೇಶಗಳ ಹೆಸರುಗಳಿದ್ದವು. ನಮ್ಮ ಪ್ರಾಯೋಜಕರದೂ ಒಂದು.

ಕಾನ್ಸುಲೇಟಿನ ಸಾಂಸ್ಕೃತಿಕ ಅಧಿಕಾರಿ ಬಹಳ ನಯಸ್ಥ. ಬಂಗಾಳಿ ಕಲಿತಿದ್ದ, ಊರಿನ ರೀತಿಯನ್ನೂ ಕಲಿತಿದ್ದ. ಮೊದಲ ಸಲ ಹೊಸ ಖರ್ಜೂರದ ಬೆಲ್ಲದ ಸಂದೇಶ್ ಮಿಠಾಯಿಯ ಡಬ್ಬದೊಡನೆ ಬಂದು, ಶೀರ್ಷಿಕೆಯಿಂದ 'ಸರ್ವಾಧಿಕಾರ' ತೆಗೆಯಬಹುದೇ ಎಂದ. ನಮ್ಮ ಮುಖ್ಯಸ್ಥ ಸೇನ್‌ಬಾಬು ಡಬ್ಬ ಬಿಚ್ಚಿದರು, ಚಹಾ ತರಿಸಿದರು. ಆ ಊರಿನಲ್ಲಿ ಒಬ್ಬನ ಮಿಠಾಯಿ ಬಾಯಿಗಿಟ್ಟ ಮೇಲೆ ಅವನಿಗೆ ಇಲ್ಲವೆನ್ನುವುದು ಕಷ್ಟ. ಒಂದು ಪದ ತಾನೇ ಎಂದರು, ನಾನೂ ತಲೆಯಾಡಿಸಿದೆ, ಪದ ಹೋಯಿತು. ಎರಡನೆಯ ಡಬ್ಬ ಬಂದಾಗ ಸಂಕಿರಣದ ಜೊತೆಗಿನ ಪ್ರದರ್ಶನದಲ್ಲಿದ್ದ ಇಂದಿನ ಗಡಿಗಳ ನಕ್ಷೆ ಹೋಯಿತು.

ಮೂರನೆಯ ಡಬ್ಬದ ಜೊತೆ ಬಂದ ಕೋರಿಕೆ: ಆ ಹುಡುಗಿ ಮುಂದಿನ ವರ್ಷ ಮಾತಾಡಲಿ.

ಮುಖ್ಯಸ್ಥರ ಕೋಣೆಯಲ್ಲಿ ನಾವು ಮೂವರು ಕೂತಿದ್ದೆವು, ನಫೀಸಾಳನ್ನು ಹೊರಗೆ ಕಾರಿಡಾರಿನಲ್ಲಿ ಕಾಯಿಸಿದ್ದರು. ಮ್ಯೂನಿಕ್‌ನಲ್ಲೂ ಜೆಕ್ ಪ್ರತಿನಿಧಿಗಳನ್ನು ಮಾತುಕತೆಗೆ ಸೇರಿಸದೆ ಹೋಟೆಲಿನಲ್ಲಿ ಕೂರಿಸಿದ್ದರು. ನೆನಪಾಗಿ ಮೈ ಉರಿಯಿತು. ಎದ್ದು ಹೊರಗೆ ಬಂದೆ. ಒಳಗಿನ ಮಾತು ಅವಳಿಗೆ ಕೇಳಿಸಿತ್ತು.

"ನಾ ಬ್ಯಾಕ್ ಔಟ್ ಮಾಡ್ತೀನ್ರಿ ಸರ್," ಎಂದಳು. "ಲ್ಯಾಬ್ ಬಂದ್ರ ಎಲ್ಲಾರಿಗೂ ಛಲೋ ಅಲ್ರಿ? ಇಟ್ಸ್ ಓಕೆ."

"ಒಳಗ ಯಾರರ ನಿನ್ನ ಕೇಳ್ಯಾರೇನು?"

"ಇಲ್ರಿ."

"ಹಂಗಾರ ಒಳಗ ಬಾ. ನನ್ನ ಬಾಜೂಕ ಕುರ್ಚಿ ಖಾಲಿ ಐತಿ."

ಸೇನ್‌ಬಾಬು ಆಗಲೇ ಡಬ್ಬದ ದಾರಕ್ಕೆ ಕೈ ಹಾಕಿದ್ದರು. ನಾನು ಅದನ್ನೆತ್ತಿ ಅಧಿಕಾರಿಯ ಮುಂದಿಟ್ಟೆ. ದಯವಿಟ್ಟು ಇದನ್ನು ಒಯ್ಯಿರಿ, ಇವಳು ಈ ಸಲವೇ ಮಾತಾಡುತ್ತಾಳೆ, ತೆಗೆದ ಪದ, ನಕ್ಷೆ ಎರಡೂ ತಮ್ಮ ಜಾಗಕ್ಕೆ ಬರುತ್ತವೆ ಎಂದೆ.

ಅವನ ನಗು ಮಾಸಲಿಲ್ಲ. "ಎರಡಕ್ಕೆ ಒಪ್ಪಿದಿರಿ. ಮೂರನೆಯದಕ್ಕೆ ಯಾಕಿಷ್ಟು ಕೋಪ, ಪ್ರೊಫೆಸರ್?"

"ನಾಲ್ಕನೆಯದು ಬರುತ್ತದೆ, ಅದಕ್ಕೆ."

ಅವನು ಹೋದ ಮೇಲೆ ಸೇನ್‌ಬಾಬು, ಅತಿಥಿ ತಂದ ಸಿಹಿ ಹಿಂದಿರುಗಿಸುವವನು ಭದ್ರಲೋಕದವನೇ ಅಲ್ಲ, ಮರ್ಯಾದಸ್ಥನೇ ಅಲ್ಲ ಎಂದು ಗುಡುಗಿದರು. ನಾನು ಧಾರವಾಡದವ, ಹೊತ್ತು ಬಂದರೆ ಫೇಡಾನೂ ಹಿಂದಕ್ಕೆ ಕೊಡುತ್ತೇವೆ ಎಂದೆ. ಅವರು ನಗಲಿಲ್ಲ.

ಪ್ರಾಯೋಜಕತ್ವ ಹೋಯಿತು, ಲ್ಯಾಬೂ ಹೋಯಿತು. ಸಂಕಿರಣ ಹಳೆಯ ಸಭಾಂಗಣದಲ್ಲಿ ನಡೆಯಿತು. ಊಟಕ್ಕೆ ನನ್ನ ಹೆಂಡತಿ ಲೇಕ್ ಮಾರ್ಕೆಟ್ಟಿನ ಕರಿಬೇವು ಹಾಕಿ ಒಗ್ಗರಿಸಿದ ಮೊಸರನ್ನ. ಅಧ್ಯಕ್ಷರ ಕುರ್ಚಿಯಲ್ಲಿ ಸೇನ್‌ಬಾಬು ಮುಖ ಊದಿಸಿಕೊಂಡೇ ಕೂತಿದ್ದರು. ಸಮಯ ಮೀರಿತೆಂದು ನಫೀಸಾ ಕೊನೆಯ ಭಾಗ ಬಿಡಲು ಹೋದಾಗ, ಸಮಯ ಮುಗಿದಾಗ ಬಾರಿಸುವ ಗಂಟೆಯನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಆ ನಾಲ್ಕು ಹೆಸರು ಗಟ್ಟಿಯಾಗಿ ಓದು," ಎಂದರು.

ಮಾತುಕತೆಯೇ ಕೂಡದು ಎನ್ನುವವನು ನಾನಲ್ಲ. ಆದರೆ ಶಸ್ತ್ರ ಕೂಡಿಸುತ್ತಿರುವವನು ನಗುತ್ತಾ ಕೇಳಲು ಬಂದಾಗ ಮೊದಲು ನೋಡಬೇಕಾದದ್ದು, ನಾವು ಕೊಡುತ್ತಿರುವುದು ಯಾರ ಪಾಲಿನದು, ಅವರು ಕೋಣೆಯಲ್ಲಿದ್ದಾರೆಯೇ ಎಂದು. ಆಮೇಲೆ, ಕೊಟ್ಟದ್ದರಿಂದ ಅವನ ಹಸಿವು ತೀರುತ್ತದೋ ತೋಳು ಬಲಿಯುತ್ತದೋ ಎಂದು. ಇದನ್ನು ಮೊದಲ ಡಬ್ಬದ ದಾರ ಬಿಚ್ಚುವ ಮೊದಲೇ ಕೇಳಿಕೊಳ್ಳಬೇಕು.

ನಫೀಸಾ ತನ್ನ ಪಿಎಚ್‌.ಡಿ. ಪ್ರಬಂಧವನ್ನು ಆ ಹಳೆಯ ಕಂಪ್ಯೂಟರಿನಲ್ಲೇ, ನೆತ್ತಿಗೆ ತಟ್ಟಿ ತಟ್ಟಿ ಟೈಪ್ ಮಾಡಿ ಮುಗಿಸಿದಳು. ನಾಲ್ಕೂ ಹೆಸರು ಅದರಲ್ಲಿವೆ.